ಹಳೇ ಕ್ಯಾಂಪರ್ ವ್ಯಾನಿನ ಸದ್ದು, ನಡುಕ: ಬಿಚ್ಚುವ ಮೊದಲು ಪತ್ತೆ ಮಾಡುವ ಬಗೆ

ನಮ್ಮ ವ್ಯಾನ್ 2009ರ ಟೆಂಪೋ ಟ್ರಾವೆಲರ್. ಮೊದಲು ಶಾಲೆ ಮಕ್ಕಳನ್ನು ಹೊತ್ತು ಓಡಾಡುತ್ತಿದ್ದ ಗಾಡಿ. ಕೊಂಡ ಮೇಲೆ ಸೀಟು ತೆಗೆಸಿ ಎರಡು ಮಂಚ, ಒಂದು ಅಡುಗೆಕಟ್ಟೆ, 100 ಲೀಟರ್ ಹಿಡಿಯುವ ನೀರಿನ ಟ್ಯಾಂಕು, ಎರಡು ಬ್ಯಾಟರಿ ಕೂರಿಸಿದೆವು. ಆರ್‌ಟಿಓ ಕಚೇರಿಯಲ್ಲಿ ಬದಲಾವಣೆ ಬರೆಸಿ ಆರ್‌ಸಿ ಸರಿ ಮಾಡಿಸಿಕೊಂಡೆವು. ಎರಡು ವರ್ಷ ತಂಟೆ ಇಲ್ಲದೆ ಓಡಿತು. ಹೋದ ದೀಪಾವಳಿಗೆ ತುಮಕೂರಿನಿಂದ ಶಿರಾ ದಾರಿ ಹಿಡಿದು ಹೊರಟೆವು. ಊರುಕೆರೆ ದಾಟಿ ವೇಗ 65ಕ್ಕೆ ಏರಿದ್ದೇ ತಡ, ಕಾಲ ಕೆಳಗಿನ ನೆಲ ಜುಂ ಅನ್ನಲು ಶುರುವಾಯಿತು. 75 ದಾಟಿದರೆ ಕಡಿಮೆ. ಇದರ ಜೊತೆ ಇನ್ನೆರಡು ದೂರು ಇದ್ದವು. ನಿಂತ ಗಾಡಿಯನ್ನು ಹೊರಡಿಸುವಾಗ ಹಿಂದೆ ‘ಡಬ್’ ಅಂತ ಒಂದು ಹೊಡೆತ. 40 ದಾಟಿದ ಮೇಲೆ ಹೂಂ ಅಂತ ಒಂದೇ ಸಮ ಗುಂಯ್‌ಗುಡುವ ಸದ್ದು.

ಒಂದು ಗ್ಯಾರೇಜಿನಲ್ಲಿ ಸೆಂಟರ್ ಬೇರಿಂಗ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ನಡುವೆ ಹಿಡಿದಿಡುವ ಬೇರಿಂಗ್) ಬದಲಾಯಿಸಿದರು. ನಡುಕ ಹಾಗೇ ಉಳಿಯಿತು. ಇನ್ನೊಂದು ಕಡೆ ಕ್ರೌನ್ ಪಿನಿಯನ್ (ಶಾಫ್ಟಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳ ಕಡೆ ತಿರುಗಿಸುವ ಹಲ್ಲುಚಕ್ರದ ಜೋಡಿ) ಹೋಗಿದೆ, ಅದು ಕೂತಿರುವ ಹಿಂದಿನ ಆಕ್ಸಲ್ ಹೌಸಿಂಗ್ ಪೂರ್ತಿ ಇಳಿಸಬೇಕು ಅಂದರು. ಅಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ಒಂದು ವಾರ ಸಮಯ ತೆಗೆದುಕೊಂಡು ನಾವೇ ಪರೀಕ್ಷೆ ಮಾಡಿದೆವು. ಕ್ರೌನ್ ಪಿನಿಯನ್‌ಗೆ ಏನೂ ಆಗಿರಲಿಲ್ಲ. ಮೂರು ದೂರಿಗೆ ಮೂರು ಬೇರೆ ಬೇರೆ ಕಾರಣ ಇದ್ದವು. ಆ ಪರೀಕ್ಷೆಗಳನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಹಿಂದಿನ ಚಕ್ರ ಎಳೆಯುವ ಯಾವ ಹಳೇ ವ್ಯಾನಿಗೂ ಇದು ಹೊಂದುತ್ತದೆ. ಮಾರುತಿ ಓಮ್ನಿಗೂ ಹೆಚ್ಚುಕಡಿಮೆ ಇದೇ ದಾರಿ, ಆದರೆ ಅದರದ್ದು ಒಂದೇ ತುಂಡಿನ ಪ್ರೊಪೆಲ್ಲರ್ ಶಾಫ್ಟ್, ಸೆಂಟರ್ ಬೇರಿಂಗ್ ಇಲ್ಲ. ಟಾಟಾ ವಿಂಗರ್‌ಗೆ ಮುಂದಿನ ಚಕ್ರದ ಎಳೆತ. ಅದರಲ್ಲಿ ಪ್ರೊಪೆಲ್ಲರ್ ಶಾಫ್ಟೇ ಇಲ್ಲ, ಬದಲಿಗೆ ಮುಂದಿನ ಎರಡು ಡ್ರೈವ್ ಶಾಫ್ಟ್ ನೋಡಬೇಕು. ತಿರುವಿನಲ್ಲಿ ಟಕ್ ಟಕ್ ಅಂದರೆ ಹೊರಗಿನ ಜಾಯಿಂಟ್, ಆಕ್ಸಿಲರೇಟರ್ ಒತ್ತಿದಾಗ ನಡುಗಿದರೆ ಒಳಗಿನ ಜಾಯಿಂಟ್.

ಎಲ್ಲಿಂದ ಅಂತಲ್ಲ, ಯಾವಾಗ ಅಂತ ಕೇಳಿ

ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಯಿಂದ ಹುಡುಕುವುದು ಕಷ್ಟ. ಕಬ್ಬಿಣದ ಚಾಸಿಸ್ ಸದ್ದನ್ನು ಈ ತುದಿಯಿಂದ ಆ ತುದಿಗೆ ಒಯ್ಯುತ್ತದೆ. ಹಿಂದಿನ ಚಕ್ರದ ನಡುವಿನ ಹಬ್ಬಿನ (ಹಬ್) ಸದ್ದು ಡ್ರೈವರ್ ಸೀಟಿನ ಕೆಳಗೆ ಕೇಳಿಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಸದ್ದು ಯಾವಾಗ ಬರುತ್ತದೆ ಎನ್ನುವುದರಲ್ಲಿ ಮೋಸ ಇಲ್ಲ. ಎಂಜಿನ್ ಸುತ್ತಿನ ಜೊತೆ ಬದಲಾಗುತ್ತದೆಯೇ? ಗಾಡಿಯ ವೇಗದ ಜೊತೆಯೇ? ಎಳೆತ ಬಿದ್ದಾಗಲೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಹುಡುಕಬೇಕಾದ ಜಾಗ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ.

ಇದರ ಜೊತೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ನನಗೆ ಕೇಳಿದವರು ಗುಬ್ಬಿ ಗೇಟ್ ಹತ್ತಿರದ ಒಬ್ಬ ಹಿರಿಯ ಮೇಸ್ತ್ರಿ. “ಸಾರ್, ಇದು ಶುರುವಾಗೋಕೆ ಮುಂಚೆ ಗಾಡೀಲಿ ಕೊನೆಗೆ ಏನು ಬಿಚ್ಚಿದ್ರಿ?” ದೀಪಾವಳಿಗೆ ಒಂದು ತಿಂಗಳ ಮೊದಲು ಕ್ಲಚ್ ಪ್ಲೇಟ್ ಹಾಕಿಸಿದ್ದೆವು. ಕ್ಲಚ್ ಪ್ಲೇಟ್ ಹಾಕಬೇಕಾದರೆ ಗೇರ್ ಬಾಕ್ಸ್ ಇಳಿಸಬೇಕು, ಗೇರ್ ಬಾಕ್ಸ್ ಇಳಿಸಬೇಕಾದರೆ ಶಾಫ್ಟ್ ಬಿಚ್ಚಬೇಕು. ಇದು ಆಮೇಲೆ ಬಹಳ ಕೆಲಸಕ್ಕೆ ಬಂತು.

ರಸ್ತೆಗೆ ಇಳಿಯುವ ಮೊದಲು

ಕ್ಯಾಂಪರ್ ವ್ಯಾನ್ ಅಂದರೆ ಓಡುವ ಮನೆ ಅಲ್ವಾ. ಪಾತ್ರೆ, ಗ್ಯಾಸ್ ಒಲೆ, ಕಪಾಟಿನ ಬಾಗಿಲು, ಡ್ರಾಯರಿನ ಬೀಗ ಎಲ್ಲವೂ ಸದ್ದು ಮಾಡುತ್ತವೆ. ಪರೀಕ್ಷೆಯ ದಿನ ಸಡಿಲವಾಗಿರುವ ಎಲ್ಲವನ್ನೂ ಮನೆಯಲ್ಲಿ ಇಳಿಸಿ. ಬಾಗಿಲುಗಳ ಸಂದಿಗೆ ಬಟ್ಟೆ ತುರುಕಿ. ಟೈರಿನ ಗಾಳಿ ತಣ್ಣಗಿರುವಾಗಲೇ ನೋಡಿ. ಚಕ್ರದ ನಟ್ಟುಗಳನ್ನೆಲ್ಲ ಒಮ್ಮೆ ಬಿಗಿ ಮಾಡಿ.

ಆಮೇಲೆ ಕೆಳಗೆ ಬಗ್ಗಿ ನೋಡಿ. ಮಳೆಗಾಲದಲ್ಲಿ ಹಳ್ಳಿ ರಸ್ತೆಗೆ ಹೋಗಿ ಬಂದಿದ್ದರೆ ಕೆಮ್ಮಣ್ಣು ರಿಮ್ಮಿನ ಒಳಗೆ ಮೆತ್ತಿ ಒಣಗಿರುತ್ತದೆ. ಒಂದು ಕಡೆ ಒಂದು ಹಿಡಿ ಮಣ್ಣು ಅಂಟಿದ್ದರೂ ಸಾಕು, ಚಕ್ರ ಕುಣಿಯುತ್ತದೆ. ಸುಗ್ಗಿಯ ಹೊತ್ತಿಗೆ ಇನ್ನೊಂದು ತೊಂದರೆ ಇದೆ. ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ರಾಗಿ ತೆನೆ, ಹುರಳಿ ಗಿಡವನ್ನು ರಸ್ತೆಗೆ ಹರಡಿರುತ್ತಾರೆ. ಅದರ ಮೇಲೆ ಹೋದರೆ ಹುರಳಿ ಬಳ್ಳಿ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಸದ್ದು ಬರುತ್ತದೆ, ಸೀಲು ಹಾಳಾಗುತ್ತದೆ, ಸೈಲೆನ್ಸರ್ ಬಿಸಿಗೆ ಹುಲ್ಲು ಹೊತ್ತಿಕೊಳ್ಳುವ ಭಯವೂ ಇದೆ. ಅಂಥ ರಸ್ತೆ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗೆ ಒಮ್ಮೆ ನೋಡಲೇಬೇಕು.

ತೂಕವನ್ನೂ ಹಾಕಿಸಿ. ವೇ ಬ್ರಿಡ್ಜಿನಲ್ಲಿ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ, ನೀರು ತುಂಬಿ ಒಮ್ಮೆ, ಖಾಲಿ ಮಾಡಿ ಒಮ್ಮೆ. 100 ಲೀಟರ್ ನೀರು ಅಂದರೆ 100 ಕೆಜಿ. ಅದು ಹಿಂದಿನ ಆಕ್ಸಲ್ ಮೇಲೆ ಕೂತರೆ ಸ್ಪ್ರಿಂಗ್ ಇಳಿಯುತ್ತದೆ. ಸ್ಪ್ರಿಂಗ್ ಇಳಿದರೆ ಶಾಫ್ಟಿನ ಓರೆ ಬದಲಾಗುತ್ತದೆ. ಪ್ಯಾಸೆಂಜರ್ ಗಾಡಿಯಲ್ಲಿ ಜನ ಹತ್ತಿ ಇಳಿಯುತ್ತಾರೆ. ನಮ್ಮ ಗಾಡಿಯಲ್ಲಿ ತೂಕ ಹಗಲೂ ರಾತ್ರಿ ಒಂದೇ ಕಡೆ ಕೂತಿರುತ್ತದೆ.

ರಸ್ತೆಯ ಪರೀಕ್ಷೆ

ಇಬ್ಬರು ಬೇಕು. ಓಡಿಸುವವರು ಓಡಿಸಲಿ, ಇನ್ನೊಬ್ಬರು ನೋಟ್‌ಬುಕ್ಕಿನಲ್ಲಿ ಬರೆಯಲಿ. ನನ್ನ ಜೊತೆ ಮಗಳು ಕೂತಿದ್ದಳು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಿನ ಜಾವ ಗಾಡಿ ಕಡಿಮೆ ಇರುವ ಹೊತ್ತು ನೋಡಿಕೊಂಡು ಹೋದೆವು.

ಮೊದಲು ನಿಂತಲ್ಲೇ ಒಂದು ಪರೀಕ್ಷೆ. ಗಾಡಿ ನ್ಯೂಟ್ರಲ್‌ನಲ್ಲಿ ಇಟ್ಟು, ಹ್ಯಾಂಡ್ ಬ್ರೇಕ್ ಎಳೆದು, ನಡುಕ ಬರುವ ವೇಗದಲ್ಲಿ ಎಂಜಿನ್ ಎಷ್ಟು ಸುತ್ತುತ್ತದೋ ಅಷ್ಟಕ್ಕೆ ನಿಧಾನವಾಗಿ ಏರಿಸಿ. ಅಲ್ಲೇ ನಡುಗಿದರೆ ದೋಷ ಎಂಜಿನ್ ಕಡೆಯದು: ಎಂಜಿನ್ ಮೌಂಟಿಂಗ್ ರಬ್ಬರ್, ಗೇರ್ ಬಾಕ್ಸ್ ಮೌಂಟಿಂಗ್, ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು, ಅಥವಾ ಕ್ಲಚ್. ನಮ್ಮದು ಇಲ್ಲಿ ಶಾಂತವಾಗಿತ್ತು.

ಎರಡನೇದು ಅದೇ ವೇಗ, ಬೇರೆ ಗೇರ್. 70ರಲ್ಲಿ ಟಾಪ್ ಗೇರ್‌ನಲ್ಲಿ ಹೋಗಿ, ಆಮೇಲೆ ಒಂದು ಗೇರ್ ಕೆಳಗೆ ಇಳಿಸಿ ಅದೇ 70ರಲ್ಲಿ ಹಿಡಿಯಿರಿ. ಎಂಜಿನ್ ಸುತ್ತು ಬದಲಾದರೂ ನಡುಕ ಅಷ್ಟೇ ಇದ್ದರೆ, ದೋಷ ಗೇರ್ ಬಾಕ್ಸಿನಿಂದ ಹಿಂದೆ ಇದೆ. ನಮ್ಮದು ಅಷ್ಟೇ ಇತ್ತು. ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು. ಗೇರ್ ಬಾಕ್ಸ್ ಇಳಿಸುವ ಮಾತು ಬಂದಾಗಲೆಲ್ಲ ಇದನ್ನು ಮೊದಲು ಮಾಡಿ ಅಂತ ಕೈಮುಗಿದು ಕೇಳುತ್ತೇನೆ.

ಮೂರನೇದು, ಸಮತಟ್ಟಾದ ರಸ್ತೆಯಲ್ಲಿ 75ಕ್ಕೆ ಏರಿಸಿ, ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಗಾಡಿ ತಾನಾಗಿ ಉರುಳಲು ಬಿಡುವುದು. ಹಿಂದೆ ಗಾಡಿ ಇರಬಾರದು. ಎಂಜಿನ್ ಆರಿಸಲೇಬಾರದು, ಆರಿಸಿದರೆ ಬ್ರೇಕಿನ ಬೂಸ್ಟರ್ ಬಲ ಹೋಗುತ್ತದೆ. ಇಳಿಜಾರಿನಲ್ಲಿ ಇದನ್ನು ಮಾಡಬೇಡಿ. ಹೀಗೆ ಉರುಳುವಾಗ ಸದ್ದು ನಿಂತರೆ ಅದು ಎಳೆತಕ್ಕೆ ಸಂಬಂಧಿಸಿದ್ದು. ನಿಲ್ಲದಿದ್ದರೆ ಚಕ್ರ, ಹಬ್ಬು, ಟೈರು ಅಥವಾ ಶಾಫ್ಟಿನ ಬ್ಯಾಲೆನ್ಸ್. ನಮ್ಮ ನೆಲದ ನಡುಕ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಹೂಂ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಎರಡು ಸದ್ದು ಎರಡು ಬೇರೆ ದೋಷ ಅಂತ ಅಲ್ಲೇ ಗೊತ್ತಾಯಿತು.

ಸ್ಟಿಯರಿಂಗ್ ಅಲುಗಿದರೆ ಮುಂದಿನ ಚಕ್ರ ನೋಡಿ. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡ್ರಮ್ಮು, ಡಿಸ್ಕು. ಅದಕ್ಕೆ ಈ ಲೇಖನ ಬೇಡ.

ಸುತ್ತು ಎಣಿಸುವ ಲೆಕ್ಕ

ಇದು ನನಗೆ ಬಹಳ ಇಷ್ಟವಾದ ಭಾಗ. ಊಹೆ ಇಲ್ಲಿಗೆ ನಿಲ್ಲುತ್ತದೆ.

ನಮ್ಮ ಟೈರು 215/75 ಆರ್15. ಟೈರಿಗೂ ನೆಲಕ್ಕೂ ಸುಣ್ಣದ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ತಳ್ಳಿ, ಟೇಪಿನಲ್ಲಿ ಅಳೆದೆವು: 2.15 ಮೀಟರ್. ಗಂಟೆಗೆ 70 ಕಿ.ಮೀ. ಅಂದರೆ ಸೆಕೆಂಡಿಗೆ 19.4 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ.

ಶಾಫ್ಟ್ ಎಷ್ಟು ತಿರುಗುತ್ತದೆ ಅಂತ ತಿಳಿಯಲು ಕ್ರೌನ್ ಪಿನಿಯನ್ ಅನುಪಾತ ಬೇಕು. ಸಮನೆಲದಲ್ಲಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ. ಒಂದೇ ಚಕ್ರ ತಿರುಗುವಾಗ ಡಿಫರೆನ್ಶಿಯಲ್ (ಎರಡು ಚಕ್ರಕ್ಕೂ ಎಳೆತ ಹಂಚುವ ಭಾಗ) ಅರ್ಧ ಮಾತ್ರ ತಿರುಗುತ್ತದೆ, ಅದಕ್ಕೇ ಎರಡು ಸುತ್ತು. ನಮ್ಮದು ನಾಲ್ಕು ಸುತ್ತು ಮತ್ತು ಸ್ವಲ್ಪ. ಅಂದರೆ 70ರಲ್ಲಿ ಶಾಫ್ಟ್ ಸೆಕೆಂಡಿಗೆ ಸುಮಾರು 36 ಸುತ್ತು.

ಈಗ ಮೂರು ಸಂಖ್ಯೆ ಕೈಯಲ್ಲಿವೆ. ನಡುಕ ಸೆಕೆಂಡಿಗೆ 9 ಸಲ ಇದ್ದರೆ ಚಕ್ರ ಅಥವಾ ಟೈರು. 36 ಇದ್ದರೆ ಶಾಫ್ಟಿನ ಬ್ಯಾಲೆನ್ಸ್, ಅಥವಾ ಶಾಫ್ಟ್ ಬಗ್ಗಿದೆ. 36ರ ಎರಡರಷ್ಟು, ಅಂದರೆ 72ರ ಹತ್ತಿರ ಇದ್ದರೆ ಕ್ರಾಸ್ ಜಾಯಿಂಟಿನ (ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ, ಅದರ ತುದಿಯ ಕೀಲು) ಓರೆ ಅಥವಾ ಜೋಡಣೆ ತಪ್ಪಿದೆ. ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಸಿಗುತ್ತದೆ. ಫೋನನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ ಓಡಿಸಿದರೆ ಯಾವ ಸಂಖ್ಯೆ ಎದ್ದು ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ಆ್ಯಪ್ ಇಲ್ಲದಿದ್ದರೂ 9ನ್ನು ಮೈಯೇ ಹೇಳುತ್ತದೆ, ಅದು ಅಲುಗಾಟ. 36 ಪಾದದಲ್ಲಿ ಜುಂ ಅನ್ನುತ್ತದೆ. 72 ಅರ್ಧ ನಡುಕ, ಅರ್ಧ ಸದ್ದು.

ನಮ್ಮ ಫೋನಿನಲ್ಲಿ 72ರ ಹತ್ತಿರ ಒಂದು ಗೆರೆ ಎದ್ದು ನಿಂತಿತ್ತು. ಟ್ಯಾಂಕು ತುಂಬಿದಾಗ ಅದು ಎತ್ತರ, ಖಾಲಿ ಮಾಡಿದಾಗ ಗಿಡ್ಡ. ಟೈರಿನಿಂದ ಬಂದದ್ದಾಗಿದ್ದರೆ ಅದು 72ರಲ್ಲಿ ಕೂರುತ್ತಿರಲಿಲ್ಲ.

ಗಾಡಿಯ ಕೆಳಗೆ: ಶಾಫ್ಟ್

ಕ್ರಾಸ್ ಓರೆಯಾಗಿ ತಿರುಗುವಾಗ ಅದರ ಆಚೆಯ ಶಾಫ್ಟ್ ಒಂದೇ ಸಮ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಒಂದು ತುದಿಯ ಕ್ರಾಸ್ ಮಾಡಿದ ಏರುಪೇರನ್ನು ಇನ್ನೊಂದು ತುದಿಯ ಕ್ರಾಸ್ ಉಲ್ಟಾ ಮಾಡಿ ಅಳಿಸಬೇಕು. ಹಾಗೆ ಆಗಬೇಕಾದರೆ ಎರಡು ವಿಷಯ ಸರಿಯಿರಬೇಕು. ಶಾಫ್ಟಿನ ಎರಡು ತುದಿಯ ಯೋಕ್‌ಗಳು (ಕ್ರಾಸನ್ನು ಹಿಡಿಯುವ ಕವಲುಗಳು) ತಯಾರಾದಾಗ ಹೇಗಿದ್ದವೋ ಹಾಗೇ, ಸಾಮಾನ್ಯವಾಗಿ ಒಂದೇ ನೇರದಲ್ಲಿ, ಇರಬೇಕು. ಎರಡು ತುದಿಯ ಓರೆಯೂ ಸಮ ಇರಬೇಕು.

ಯೋಕ್‌ಗಳ ನೇರ ತಪ್ಪುವುದು ಸ್ಲಿಪ್ ಜಾಯಿಂಟಿನಲ್ಲಿ. ಹಲ್ಲು ಹಲ್ಲು ಇರುವ ಆ ಜಾಗದಲ್ಲಿ ಶಾಫ್ಟ್ ಎಳೆದರೆ ಬೇರೆಯಾಗುತ್ತದೆ. ಮತ್ತೆ ಸೇರಿಸುವಾಗ ಒಂದು ಹಲ್ಲು ಆಚೀಚೆ ಕೂತರೂ ಸಲೀಸಾಗಿ ಒಳಗೆ ಹೋಗುತ್ತದೆ, ಕಣ್ಣಿಗೆ ಏನೂ ತಪ್ಪು ಕಾಣುವುದಿಲ್ಲ. ಅದಕ್ಕೇ ಕಂಪನಿಯವರು ಎರಡೂ ತುಂಡಿನ ಮೇಲೆ ಬಾಣದ ಗುರುತು ಒತ್ತಿರುತ್ತಾರೆ. ಹದಿನೈದು ವರ್ಷದ ಗ್ರೀಸು, ಮಣ್ಣಿನ ಕೆಳಗೆ ಆ ಬಾಣ ಮುಚ್ಚಿಹೋಗಿರುತ್ತದೆ. ಸೀಮೆಎಣ್ಣೆ ಹಾಕಿ ವೈರ್ ಬ್ರಷ್ಷಿನಲ್ಲಿ ಉಜ್ಜಿದಾಗ ನಮ್ಮದು ಸಿಕ್ಕಿತು. ಬಾಣಕ್ಕೆ ಬಾಣ ಸೇರಿರಲಿಲ್ಲ. ಒಂದು ಹಲ್ಲು ತಪ್ಪಿತ್ತು. ಕ್ಲಚ್ ಕೆಲಸದ ದಿನ ಆಗಿದ್ದು ಇದೇ. ಮೇಸ್ತ್ರಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಶಾಫ್ಟ್ ಬಿಚ್ಚುವ ಯಾರಿಗಾದರೂ ಒಂದು ಮಾತು ಹೇಳಿ: ಬಿಚ್ಚುವ ಮೊದಲು ಸ್ಲಿಪ್ ಜಾಯಿಂಟಿಗೂ, ಹಿಂದಿನ ಫ್ಲ್ಯಾಂಜಿಗೂ (ಶಾಫ್ಟನ್ನು ಬೋಲ್ಟ್ ಹಾಕಿ ಕೂಡಿಸುವ ತಟ್ಟೆ) ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ. ಎದುರಿಗೆ ನಿಂತು ಎಳೆಸಿ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಕ್ರಾಸ್ ನೋಡುವುದು ಸುಲಭ. ಗಾಡಿಗೆ ಕಲ್ಲು ಕೊಟ್ಟು, ಶಾಫ್ಟಿನ ಎರಡು ಪಕ್ಕವನ್ನು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ. ಕ್ರಾಸಿನಲ್ಲಿ ಆಟ ಕಣ್ಣಿಗೆ ಕಂಡರೆ ಅದು ಮುಗಿದಿದೆ. ಟಾಮಿ (ಕಬ್ಬಿಣದ ಸಲಾಕೆ) ಹಾಕಿ ಮೇಲೆ ಕೆಳಗೆ ಮೀಟಿ ನೋಡಿ. ಕ್ರಾಸಿನ ಕಾಲನ್ನು ಮುಚ್ಚುವ ಬಟ್ಟಲಿನಂಥ ಕಪ್‌ನ ಅಂಚಿನಲ್ಲಿ ಕುಂಕುಮದ ಹಾಗೆ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗುಗಳು ತುಕ್ಕು ಹಿಡಿದಿವೆ ಅಂತ ಅರ್ಥ. ನಮ್ಮ ಹಿಂದಿನ ಕ್ರಾಸಿನಲ್ಲಿ ಆ ಪುಡಿ ಇತ್ತು. ‘ಡಬ್’ ಅಂತಿದ್ದದ್ದು ಅದೇ. ಬಿಚ್ಚಿದಾಗ ಕ್ರಾಸಿನ ಒಂದು ಕಾಲಿನ ಮೇಲೆ ಸೂಜಿಗಳು ಅಚ್ಚೊತ್ತಿದ್ದವು, ಉಗುರಿಗೆ ಸಿಗುವಷ್ಟು ಆಳ.

ಕ್ರಾಸ್ ಸರಿಯಿದ್ದೂ ಡಬ್ ಅಂದರೆ ಸ್ಲಿಪ್ ಜಾಯಿಂಟಿನ ಹಲ್ಲು ಸವೆದಿದೆಯೇ, ಆಕ್ಸಲನ್ನು ಲೀಫ್ ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗಿದೆಯೇ ನೋಡಿ. ಯು ಬೋಲ್ಟ್ ಸಡಿಲವಾದರೆ ಆಕ್ಸಲ್ ಹೌಸಿಂಗ್ ಹಿಂದೆ ಮುಂದೆ ಉಜ್ಜಿ ಅಲ್ಲಿ ಲೋಹ ಹೊಳೆಯುತ್ತದೆ.

ಸೆಂಟರ್ ಬೇರಿಂಗಿನಲ್ಲಿ ಬೇರಿಂಗಿಗಿಂತ ರಬ್ಬರ್ ಮೊದಲು ಹೋಗುತ್ತದೆ. ರಬ್ಬರ್ ಹರಿದಿದ್ದರೆ ಶಾಫ್ಟ್ ಮಧ್ಯದಲ್ಲಿ ಜೋತುಬೀಳುತ್ತದೆ, ಎತ್ತುವಾಗ ಗಡಗಡ ಅನ್ನುತ್ತದೆ. ಶಾಫ್ಟಿನ ಕೊಳವೆಯ ಮೇಲೂ ಕಣ್ಣಾಡಿಸಿ. ಬ್ಯಾಲೆನ್ಸಿಗಾಗಿ ಬೆಸುಗೆ ಹಾಕಿದ್ದ ಸಣ್ಣ ಪಟ್ಟಿ ಕಿತ್ತುಹೋಗಿದ್ದರೆ ಆ ಜಾಗ ಬೇರೆ ಬಣ್ಣದಲ್ಲಿ ಕಾಣುತ್ತದೆ. ಕಲ್ಲು ಬಡಿದ ತಗ್ಗು ಇದ್ದರೂ ಬ್ಯಾಲೆನ್ಸ್ ಹೋಗುತ್ತದೆ. ಅದನ್ನು ಶಾಫ್ಟ್ ಬ್ಯಾಲೆನ್ಸಿಂಗ್ ಮಾಡುವ ಕಡೆಯೇ ಕೊಡಬೇಕು. ಸುಮ್ನೆ ಲೇತ್‌ಗೆ ಹಾಕಿ ನೇರ ಮಾಡಿದರೆ ಸಾಲದು.

ಓರೆ ಅಳೆಯಲು ಫೋನಿನ ಕೋನ ಅಳತೆಯೇ ಸಾಕು. ಗೇರ್ ಬಾಕ್ಸಿನ ಹಿಂದಿನ ಫ್ಲ್ಯಾಂಜ್, ಶಾಫ್ಟ್, ಪಿನಿಯನ್ ಫ್ಲ್ಯಾಂಜ್ ಮೂರನ್ನೂ ಅಳೆಯಿರಿ, ಗಾಡಿ ತನ್ನ ಚಕ್ರದ ಮೇಲೇ ನಿಂತಿರಬೇಕು. ಹಿಂದಿನ ಸ್ಪ್ರಿಂಗ್ ಕೂತುಹೋಗಿದ್ದರೆ ಲೆಕ್ಕ ತಪ್ಪಿರುತ್ತದೆ. ನಾವು ಬ್ಲೇಡ್ ಜೋಡಿಸುವ ಕಡೆ ಸ್ಪ್ರಿಂಗ್ ಎತ್ತಿಸಿದೆವು. ಟ್ಯಾಂಕನ್ನು ಹಿಂದಿನ ಮೂಲೆಯಿಂದ ತೆಗೆದು ಗಾಡಿಯ ನಡುವಿಗೆ ತಂದೆವು.

ಗೇರ್ ಬಾಕ್ಸ್ ಮತ್ತು ಹೌಸಿಂಗ್

ಗೇರ್ ಬಾಕ್ಸಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಿಂತಾಗ ನ್ಯೂಟ್ರಲ್‌ನಲ್ಲಿ ಗರಗರ ಅಂದು, ಕ್ಲಚ್ ಒತ್ತಿದರೆ ನಿಂತರೆ ಒಳಗಿನ ಬೇರಿಂಗ್. ಕ್ಲಚ್ ಒತ್ತಿದಾಗಲೇ ಕಿರ್ ಅಂದರೆ ರಿಲೀಸ್ ಬೇರಿಂಗ್. ಅನುಪಾತ 1.00 ಇರುವ ನೇರ ಗೇರ್‌ನಲ್ಲಿ ಮಾತ್ರ ಶಾಂತವಾಗಿ, ಉಳಿದ ಗೇರ್‌ಗಳಲ್ಲಿ ಗುಂಯ್‌ಗುಟ್ಟಿದರೆ ಗೇರ್ ಬಾಕ್ಸಿನೊಳಗೆ ಕೆಳಗಿರುವ ಲೇ ಶಾಫ್ಟ್ ಮತ್ತು ಅದರ ಬೇರಿಂಗ್, ಯಾಕೆಂದರೆ ನೇರ ಗೇರ್‌ನಲ್ಲಿ ಅದರ ಮೇಲೆ ಭಾರ ಬೀಳುವುದಿಲ್ಲ.

ಕ್ರೌನ್ ಪಿನಿಯನ್ ಸದ್ದಿಗೆ ದೇವರಾಯನದುರ್ಗದ ರಸ್ತೆ ಒಳ್ಳೆಯ ಪರೀಕ್ಷೆ. ಏರುವಾಗ ಎಂಜಿನ್ ಚಕ್ರವನ್ನು ಎಳೆಯುತ್ತದೆ, ಗೇರ್‌ನಲ್ಲೇ ಇಳಿಯುವಾಗ ಚಕ್ರ ಎಂಜಿನ್ನನ್ನು ಎಳೆಯುತ್ತದೆ. ಹಲ್ಲಿನ ಬೇರೆ ಬೇರೆ ಮುಖ ಕೆಲಸ ಮಾಡುತ್ತವೆ. ಏರುವಾಗ ಊಳಿಟ್ಟು ಇಳಿಯುವಾಗ ಶಾಂತವಾದರೆ, ಅಥವಾ ಉಲ್ಟಾ ಆದರೆ, ಹಲ್ಲಿನ ಮೇಲೆ, ಪಿನಿಯನ್ ಬೇರಿಂಗಿನ ಮೇಲೆ ಅನುಮಾನ ಪಡಿ. ನಮ್ಮ ಹೂಂ ಸದ್ದು ಏರಿನಲ್ಲೂ ಇಳಿಜಾರಿನಲ್ಲೂ ಒಂದೇ ಥರ ಇತ್ತು. ಹೌಸಿಂಗಿನ ಆಯಿಲ್ ಇಳಿಸಿ ನೋಡಿದೆವು. ಡ್ರೈನ್ ಪ್ಲಗ್ಗಿನಲ್ಲಿ ಬೂದಿಯಂಥ ನಯವಾದ ಕೆಸರು ಇತ್ತು, ಅದು ಸಹಜ. ಹೊಳೆಯುವ ಚೂರು, ಹಲ್ಲಿನ ತುಂಡು ಇದ್ದರೆ ಮಾತ್ರ ಹೌಸಿಂಗ್ ಬಿಚ್ಚಬೇಕು. ಹೌಸಿಂಗಿಗೆ ಜಿಎಲ್-5 ದರ್ಜೆಯ ಆಯಿಲ್ ಬೇಕು. ಗೇರ್ ಬಾಕ್ಸಿಗೆ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಿ. ಹೌಸಿಂಗಿನದ್ದನ್ನೇ ಅದಕ್ಕೂ ತುಂಬಿದರೆ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಕೆಡುಕಾಗಬಹುದು.

ಹಬ್ ಬೇರಿಂಗೋ, ಟೈರೋ?

ಎರಡೂ ಹೂಂ ಅನ್ನುತ್ತವೆ. ಖಾಲಿ ರಸ್ತೆಯಲ್ಲಿ 50ರಲ್ಲಿ ಗಾಡಿಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ವಾಲಿಸಿ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಹಬ್ ಬೇರಿಂಗ್. ರಸ್ತೆ ಡಾಂಬರಿನಿಂದ ಕಾಂಕ್ರೀಟಿಗೆ ಬದಲಾದಾಗ ಸದ್ದಿನ ಸ್ವರ ಬದಲಾದರೆ ಟೈರು. ಬೇರಿಂಗಿಗೆ ರಸ್ತೆ ಯಾವುದಾದರೇನು, ಅದು ಒಂದೇ ಥರ ಕೂಗುತ್ತದೆ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ನಾಲ್ಕೂ ಹಬ್ಬಿನ ಹತ್ತಿರ ಅಂಗೈಯ ಹಿಂಬದಿ ಒಡ್ಡಿ ನೋಡಿದೆ. ಮೊದಲೇ ಮುಟ್ಟಬೇಡಿ, ಸುಡುತ್ತದೆ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಬಿಸಿ ಇದ್ದರೆ ಬೇರಿಂಗ್ ಅಥವಾ ಬಿಡದ ಬ್ರೇಕ್. ನಮ್ಮವು ಸಮ ಇದ್ದವು.

ಹಾಗಾದರೆ ಟೈರು. ಹಿಂದಿನ ಎಡ ಟೈರಿನ ಮೇಲೆ ಕೈ ಸವರಿದಾಗ ಗರಗಸದ ಹಾಗೆ ಏರಿಳಿತ ಸಿಕ್ಕಿತು. ತೂಕವೂ ಆ ಮೂಲೆಯಲ್ಲೇ ಇತ್ತು. ಕ್ಯಾಂಪರ್ ಇಟ್ಟವರಿಗೆಲ್ಲ ಬರುವ ತೊಂದರೆ ಇದು. ಖಚಿತ ಮಾಡಿಕೊಳ್ಳಲು ಪಂಚರ್ ಅಂಗಡಿಯಲ್ಲಿ ಹಿಂದಿನ ಎರಡು ಚಕ್ರವನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿಸಿದೆ. ಸದ್ದು ಮುಂದಕ್ಕೆ ಬಂತು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯನ್ನೂ ನೋಡಿ. 1416 ಅಂದರೆ 2016ರ ಹದಿನಾಲ್ಕನೇ ವಾರ ತಯಾರಾದದ್ದು. ನಮ್ಮದು ಅಷ್ಟೇ ಹಳೇದು. ಟೈರಿನ ಮೇಲಿನ ಗಾಡಿಗೆರೆ (ಟ್ರೆಡ್) ಆಳವಾಗಿದ್ದರೂ ರಬ್ಬರು ಬಿರುಕು ಬಿಟ್ಟಿತ್ತು.

ಓಡಿಸಬಾರದ ಹೊತ್ತು

ಕ್ರಾಸಿನಲ್ಲಿ ಕಣ್ಣಿಗೆ ಕಾಣುವ ಆಟ, ಶಾಫ್ಟಿನ ಫ್ಲ್ಯಾಂಜಿನಲ್ಲಿ ಬೋಲ್ಟ್ ಇಲ್ಲದಿರುವುದು, ಒಂದು ಹಬ್ಬು ವಿಪರೀತ ಬಿಸಿಯಾಗಿರುವುದು, ಚಕ್ರದ ನಟ್ಟಿನ ಸುತ್ತ ತುಕ್ಕಿನ ಗೆರೆ. ಈ ನಾಲ್ಕರಲ್ಲಿ ಒಂದು ಕಂಡರೂ ಗಾಡಿ ಅಲ್ಲೇ ನಿಲ್ಲಿಸಿ, ಟೋ ಮಾಡಿಸಿ. ಓಡುವಾಗ ಶಾಫ್ಟಿನ ಮುಂದಿನ ತುದಿ ಕಳಚಿದರೆ ಅದು ರಸ್ತೆಗೆ ನಾಟಿಕೊಳ್ಳುತ್ತದೆ. ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು ಅದರ ಪಕ್ಕದಲ್ಲೇ ಇರುತ್ತವೆ. ಮನೆ ಮಂದಿಯೆಲ್ಲ ಮಲಗಿರುವ ಗಾಡಿ ಅದು.

ನಾವು ಮೊದಲು ಬಾಣಕ್ಕೆ ಬಾಣ ಸೇರಿಸಿ ಓಡಿಸಿದೆವು. 72ರ ಗೆರೆ ಮುಕ್ಕಾಲು ಪಾಲು ಇಳಿಯಿತು. ಆಮೇಲೆ ಹಿಂದಿನ ಕ್ರಾಸ್ ಬದಲಾಯಿಸಿದೆವು, ಡಬ್ ಹೋಯಿತು. ಸ್ಪ್ರಿಂಗ್ ಎತ್ತಿಸಿದ ಮೇಲೆ ಟ್ಯಾಂಕು ತುಂಬಿದಾಗಲೂ ನೆಲ ಶಾಂತವಾಯಿತು. ಟೈರುಗಳನ್ನು ಕೊನೆಗೆ ಬದಲಾಯಿಸಿದೆವು. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಪ್ರತಿ ಸಲ ಅದೇ ರಸ್ತೆಯಲ್ಲಿ ಅದೇ 70ರಲ್ಲಿ ಓಡಿಸಿ ಬರೆದುಕೊಂಡೆವು. 500 ಕಿ.ಮೀ. ಆದ ಮೇಲೆ ಫ್ಲ್ಯಾಂಜಿನ ಬೋಲ್ಟು, ಯು ಬೋಲ್ಟು, ಚಕ್ರದ ನಟ್ಟು ಎಲ್ಲ ಮತ್ತೊಮ್ಮೆ ಬಿಗಿ ಮಾಡಿದೆವು. ಎರಡು ಯು ಬೋಲ್ಟ್ ಅರ್ಧರ್ಧ ಸುತ್ತು ತಿರುಗಿದವು. ಹೊಸ ಕ್ರಾಸ್ ಗ್ರೀಸ್ ತುಂಬುವ ನಿಪ್ಪಲ್ ಇರುವುದನ್ನೇ ಹಾಕಿಸಿದ್ದೆವು. ಗ್ರೀಸ್ ಗನ್ ಈಗ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಜಾಕ್ ಪಕ್ಕದಲ್ಲೇ ಇದೆ.